ಗಾಳಿ ಯಾವ ಕಡೆಯಿಂದ?

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅಂತರಸಂತೆ ದಾಟಿ ಕಾಕನಕೋಟೆ ಕಾಡಿನ ಕಡೆಗೆ ಹೋಗುವಾಗ ಒಂದು ಸರ್ಕಾರಿ ಶಾಲೆ ಸಿಗುತ್ತದೆ. ಪ್ರತಿ ಶುಕ್ರವಾರ ಬಿಸಿಯೂಟ ಮುಗಿದ ಮೇಲಿನ ಒಂದು ಗಂಟೆಯನ್ನು ಅಲ್ಲಿನ ಮುಖ್ಯ ಶಿಕ್ಷಕಿ ನನಗೆ ಬಿಟ್ಟುಕೊಟ್ಟಿದ್ದಾರೆ. ನಾನು ಮೇಷ್ಟ್ರಲ್ಲ. ಚಿತ್ರ ಬರೆಯಲೂ ಬರುವುದಿಲ್ಲ. ನಾನು ಬರೆದ ಹಸುವನ್ನು ಮೊಮ್ಮಗಳು ನಾಯಿ ಎಂದಿದ್ದಳು. ಹುಣಸೂರಿನಲ್ಲಿ ಅಂಚೆ ಕಚೇರಿಯ ಕೆಲಸ ಮಾಡಿ ನಿವೃತ್ತನಾದವನು. ಶುಕ್ರವಾರ ಎರಡು ಬಸ್ಸು ಬದಲಿಸಿ, ಸುತ್ತಿದ ಚಿತ್ರಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತೇನೆ. ಮಕ್ಕಳು ನನ್ನನ್ನು ‘ಸ್ಟಾಂಪ್ ತಾತ’ ಎನ್ನುತ್ತಾರೆ.

ಚಿತ್ರ ನೋಡುವ ಹುಚ್ಚು ನನಗೆ ಹತ್ತಿದ್ದು ಅಂಚೆಚೀಟಿಯಿಂದಲೇ. 1971ರಲ್ಲಿ ರಾಜಾ ರವಿವರ್ಮನ ದಮಯಂತಿ ಮತ್ತು ಹಂಸದ ಚಿತ್ರವಿದ್ದ ಒಂದು ಅಂಚೆಚೀಟಿ ಬಂತು. ಆಗ ಹೈಸ್ಕೂಲಿನಲ್ಲಿದ್ದೆ. ಹೆಬ್ಬೆರಳಿನಷ್ಟು ಜಾಗದಲ್ಲಿ ಒಬ್ಬ ಹೆಂಗಸು, ಒಂದು ಹಂಸ, ಇಬ್ಬರ ನಡುವೆ ಒಂದು ಗುಟ್ಟು. ಅಪ್ಪನ ಓದುವ ಕನ್ನಡಕವನ್ನೇ ಭೂತಗನ್ನಡಿ ಮಾಡಿಕೊಂಡು ಅದನ್ನು ಎಷ್ಟು ದಿನ ನೋಡಿದೆನೋ!

ಮೊದಲ ಶುಕ್ರವಾರ ನಾನು ಚಿತ್ರ ಒಯ್ಯಲಿಲ್ಲ. ‘ನಿಮ್ಮ ಮನೆ ಗೋಡೆ ಮೇಲೆ ಏನೇನು ಚಿತ್ರ ಇದೆ?’ ಎಂದು ಮಾತ್ರ ಕೇಳಿದೆ. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಚಿತ್ರವೆಂದರೆ ಪಟ್ಟಣದವರ ಮನೆಯಲ್ಲಿ ಗಾಜು ಹಾಕಿ ಇಟ್ಟಿರುವುದು ಎಂದು ಅವರ ಲೆಕ್ಕ. ಆಮೇಲೆ ಒಂದೊಂದೇ ಬಂದವು. ಗೊಬ್ಬರದಂಗಡಿ ಕ್ಯಾಲೆಂಡರಿನ ಲಕ್ಷ್ಮಿ. ಅಂಬೇಡ್ಕರ್. ಅಣ್ಣಾವ್ರು. ಸೋದರಮಾವನ ಮದುವೆ ಫೋಟೊ. ಎಲ್ಲಕ್ಕಿಂತ ಹೆಚ್ಚಾಗಿ, ಹುಲಿಯ ಮೇಲೆ ಕುಳಿತ ಮಲೆ ಮಹದೇಶ್ವರ. ಮುಂದಿನ ವಾರ ಒಬ್ಬ ಹುಡುಗಿ ಮನೆಯ ಮಾದಪ್ಪನ ಕ್ಯಾಲೆಂಡರನ್ನೇ ಬಿಚ್ಚಿ ತಂದಳು. ತರುವ ಮುಂಚೆ ಅವಳಮ್ಮ ಅದನ್ನು ಕಣ್ಣಿಗೊತ್ತಿಕೊಂಡು ಕೊಟ್ಟರಂತೆ. ಅದೇ ನಮ್ಮ ಮೊದಲ ಪಾಠ.

ನಮ್ಮ ತರಗತಿಗೆ ಇರುವ ನಿಯಮ ಕಡಿಮೆ. ಚಿತ್ರ ನೇತುಹಾಕಿದ ಮೇಲೆ ಮೂರು ನಿಮಿಷ ಯಾರೂ ಮಾತಾಡಬಾರದು. ಮೂರು ನಿಮಿಷವೆಂದರೆ ಎಷ್ಟು ಉದ್ದ ಎಂದು ಐದನೇ ತರಗತಿಯವರ ಎದುರು ನಿಂತವರಿಗೇ ಗೊತ್ತು. ಆಮೇಲೆ ಕಂಡದ್ದನ್ನು ಹೇಳಬೇಕು. ಹೇಳಿದ್ದನ್ನು ಚಿತ್ರದಲ್ಲಿ ಬೆರಳಿಟ್ಟು ತೋರಿಸಬೇಕು. ‘ಚೆನ್ನಾಗದೆ’ ಎಂಬ ಮಾತಿಗೆ ಮೊದಲ ಹತ್ತು ನಿಮಿಷ ರಜೆ. ಯಾಕೆಂದರೆ ‘ಚೆನ್ನಾಗದೆ’ ಎಂದು ಹೇಳಿಬಿಟ್ಟರೆ ನೋಡುವ ಕೆಲಸ ಮುಗಿದುಹೋಗುತ್ತದೆ. ದೊಡ್ಡವರಾದ ನಾವು ಮದುವೆ ಮನೆಯ ಊಟಕ್ಕೂ, ಗೆಳೆಯನ ಮಗಳ ಸಂಗೀತಕ್ಕೂ ಅದೊಂದೇ ಮಾತು ಹೇಳಿ ಜಾರಿಕೊಳ್ಳುತ್ತೇವಲ್ಲ, ಹಾಗೆ.

ಮಾದಪ್ಪನ ಚಿತ್ರಕ್ಕೆ ಬಹಳ ಬೆರಳು ಬಂದವು. ತ್ರಿಶೂಲ, ಜಡೆ, ಹಿಂದಿನ ಬೆಟ್ಟ. ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಎದ್ದುಬಂದ. ಹಾಡಿಯ ಹುಡುಗ, ಜೇನುಕುರುಬರವನು. ವಾರಕ್ಕೆ ಎರಡು ದಿನ ಬಂದರೆ ಹೆಚ್ಚು, ಬಂದರೂ ಮಾತಿಲ್ಲ. ಮನೆಯಲ್ಲಿ ಅವರ ಜೇನುನುಡಿ, ಪುಸ್ತಕದಲ್ಲಿ ಬೇರೆಯೇ ಕನ್ನಡ. ಓದು ತಡವರಿಸುತ್ತಿತ್ತು. ಅವನು ಹುಲಿಯ ಕಣ್ಣಿನ ಮೇಲೆ ಬೆರಳಿಟ್ಟು, ‘ಇದು ಬೆಕ್ಕಿನ ಕಣ್ಣು’ ಎಂದ.

ತರಗತಿ ತಣ್ಣಗಾಯಿತು. ದೇವರ ಹುಲಿಗೆ ಹೀಗೆನ್ನಬಹುದೇ? ನಾನು, ‘ಹೇಗಪ್ಪಾ?’ ಎಂದೆ. ‘ನಡುವೆ ಗೀಟು ಅದೆ. ಬೆಕ್ಕಿಗೆ ಅಂಗಿರ್ತದೆ. ಚೆಕ್‌ಪೋಸ್ಟ್ ತಾವು ಬೋರ್ಡಿನಾಗೆ ಹುಲಿ ಫೋಟೊ ಅದಲ್ಲಾ, ಅದ್ಕೆ ರೌಂಡಾಗದೆ.’

ಹುಡುಗ ಹೇಳಿದ್ದು ನಿಜ. ಬೆಕ್ಕಿನ ಕಣ್ಣುಪಾಪೆ ಬೆಳಕಿಗೆ ಸೀಳಿನ ಹಾಗೆ ಕಿರಿದಾಗುತ್ತದೆ. ಹುಲಿಯದು ದುಂಡಗೇ ಇರುತ್ತದೆ. ಕ್ಯಾಲೆಂಡರ್ ಬರೆದ ಕಲಾವಿದ ಮನೆಯ ಬೆಕ್ಕನ್ನು ನೋಡಿ ಬರೆದಿರಬೇಕು. ಅಷ್ಟರಲ್ಲಿ ಚಿತ್ರ ತಂದಿದ್ದ ಹುಡುಗಿ ಎದ್ದು ನಿಂತಳು: ‘ಮಾದಪ್ಪನ್ ಮುಂದೆ ಹುಲಿನೂ ಬೆಕ್ಕೇ ಅಲ್ವಾ ತಾತ?’ ಎಲ್ಲರೂ ನಕ್ಕರು. ಹಾಡಿಯ ಹುಡುಗನೂ ನಕ್ಕ. ನಲವತ್ತು ವರ್ಷ ಚಿತ್ರ ನೋಡಿದ ನನಗೆ ಈ ಎರಡರಲ್ಲಿ ಯಾವ ಮಾತು ಹೆಚ್ಚು ಎಂದು ಇವತ್ತಿಗೂ ತೀರ್ಮಾನಿಸಲು ಆಗಿಲ್ಲ.

ಮೈಸೂರಿನ ಜಗನ್ಮೋಹನ ಅರಮನೆಗೆ ಹೋದವರಿಗೆ ‘ದೀಪ ಹಿಡಿದ ಹೆಂಗಸು’ ನೆನಪಿರಬೇಕು. 1861ರ ಆ ಅರಮನೆಯಲ್ಲಿ 1915ರಿಂದ ಚಿತ್ರಶಾಲೆ ಇದೆ. ದೀಪದ ಹೆಂಗಸನ್ನು ಬರೆದದ್ದು ರವಿವರ್ಮ ಎಂದು ಎಷ್ಟೋ ಜನ ತಿಳಿದಿದ್ದಾರೆ. ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್, 1945–46ರಲ್ಲಿ. ಎದುರಿಗೆ ದೀಪ ಹಿಡಿದು ನಿಂತಿದ್ದವರು ಅವರ ಮಗಳು ಗೀತಾ. ಅವರು ನೂರು ವರ್ಷ ದಾಟಿ ಬಾಳಿ 2018ರಲ್ಲಿ ತೀರಿಕೊಂಡರು. ಇನ್ನೊಂದು ವಿಷಯ, ಅದು ಜಲವರ್ಣ. ಜಲವರ್ಣದಲ್ಲಿ ಸಾಮಾನ್ಯವಾಗಿ ಬೆಳಕು ಎಂದರೆ ಬಳಿದ ಬಣ್ಣವಲ್ಲ, ಬಳಿಯದೆ ಉಳಿಸಿದ ಕಾಗದ. ಎಲ್ಲಿ ಕೈ ತಡೆಯಬೇಕು ಎಂದು ಮೊದಲೇ ಗೊತ್ತಿರಬೇಕು.

ಇದನ್ನೆಲ್ಲ ನಾನು ಮಕ್ಕಳಿಗೆ ಮೊದಲು ಹೇಳಲಿಲ್ಲ. ದೊಡ್ಡ ಪ್ರತಿಯನ್ನು ನೇತುಹಾಕಿ ಮೂರು ನಿಮಿಷ ಬಿಟ್ಟು, ‘ಆ ಕೈ ಯಾಕೆ ಅಡ್ಡ ಹಿಡಿದಿದ್ದಾಳೆ?’ ಎಂದು ಕೇಳಿದೆ.

‘ಗಾಳಿಗೆ ಆರಬಾರ್ದು ಅಂತ.’

‘ಹಾಗಾದರೆ ಗಾಳಿ ಯಾವ ಕಡೆಯಿಂದ ಬರ್ತಿದೆ?’

ಅಲ್ಲಿಂದ ಶುರುವಾಯಿತು ನೋಡಿ ಜಗಳ. ಮುಂದಿನಿಂದ ಬತ್ತಾ ಅದೆ, ಅವಳು ಬಾಗಿಲಿಗೆ ಹೋಯ್ತಾ ಅವಳೆ ಎಂದರು ಕೆಲವರು. ಗಾಳಿಯೇ ಇಲ್ಲ, ಸೆರಗು ಹಾರ್ತಾ ಇಲ್ಲವಲ್ಲ ಎಂದಳು ಒಬ್ಬಳು. ‘ಕಣ್ಗೆ ಚುಚ್ಚಬಾರ್ದು ಅಂತ ಅಡ್ಡ ಹಿಡಿತಾರೆ ಕಣ್ ತಾತ, ಕರೆಂಟ್ ಹೋದಾಗ ನಮ್ ಅಜ್ಜಿ ಬುಡ್ಡಿ ಹಿಂಗೇ ಹಿಡ್ಕಂಡು ಕೊಟ್ಗೆಗೆ ಹೋಗದು’ ಎಂದಳು ಇನ್ನೊಬ್ಬಳು. ಬೆರಳ ಸಂದಿನ ಕೆಂಪು ಯಾಕೆ ಎಂದು ತಿಳಿಯಲು ಮೇಡಂ ಅವರ ಮೊಬೈಲ್ ಟಾರ್ಚು ತಂದು, ಕಿಟಕಿ ಮುಚ್ಚಿ, ಒಬ್ಬೊಬ್ಬರೂ ಅಂಗೈ ಅಡ್ಡ ಹಿಡಿದರು. ಬೆರಳೆಲ್ಲ ಕೆಂಡದ ಹಾಗೆ ಕಂಡವು. ಇದನ್ನು ಓದುತ್ತಿರುವ ಅಜ್ಜ-ಅಜ್ಜಿಯರು ಇವತ್ತೇ ರಾತ್ರಿ ಮೊಮ್ಮಕ್ಕಳ ಜೊತೆ ಮಾಡಿ ನೋಡಬಹುದು, ಖರ್ಚೇನಿಲ್ಲ.

ಊರ ಮುಂದಿನ ವೀರಗಲ್ಲಿಗೂ ಒಂದು ಶುಕ್ರವಾರ ಹೋದೆವು. ಅರ್ಧ ಹೂತಿದ್ದ ಕಲ್ಲು. ಅದರ ಮೇಲೆ ಕುಡುಗೋಲು ಮಸೆದ ಗುರುತು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಹೋರಾಟ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಅವನು, ತುದಿಯಲ್ಲಿ ಸೂರ್ಯ-ಚಂದ್ರ. ‘ಕಾಮಿಕ್ಸ್ ಉಲ್ಟಾ ಓದ್ದಂಗೆ’ ಎಂದ ಒಬ್ಬ. ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ.

‘ಇದು ಪರೀಕ್ಷೆಗೆ ಬತ್ತದಾ?’ ಎಂದು ಒಬ್ಬ ತಂದೆ ಶಾಲೆಗೇ ಬಂದು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಕೂಲಿ ಬಿಟ್ಟು ಬಂದು ಕೇಳುವವರಿಗೆ ಹಾರಿಕೆಯ ಉತ್ತರ ಕೊಡಬಾರದು. ‘ಬರುವುದಿಲ್ಲ’ ಎಂದೆ. ಹಾಡಿಯ ಹುಡುಗನ ಓದು ಚಿತ್ರ ನೋಡಿದ್ದರಿಂದ ಸುಧಾರಿಸಿತು ಎಂದು ಹೇಳಲೂ ನನಗೆ ಬಾಯಿ ಬಾರದು. ಹಾಜರಿ ಪುಸ್ತಕದಲ್ಲಿ ಅವನ ಶುಕ್ರವಾರಗಳು ತುಂಬಿದವು. ಅಷ್ಟು ನಿಜ. ಒಂದೆರಡು ಗುರುವಾರಗಳೂ.

ಒಂದು ಶುಕ್ರವಾರ ಅವನ ಜೊತೆ ಅವನ ತಾತ ಬಂದು ಬಾಗಿಲಲ್ಲೇ ನಿಂತರು. ಅವತ್ತು ನಾನು ತಂದಿದ್ದದ್ದು ಖೆಡ್ಡಾದ ಹಳೆಯ ಫೋಟೊ. ಕಾಡಾನೆ ಹಿಂಡನ್ನು ತಮಟೆ, ಕೂಗು, ಬೆಂಕಿಯಿಂದ ಬೆದರಿಸಿ, ಹೊಳೆ ದಾಟಿಸಿ, ಮರದ ಕಂಬಗಳ ಆವರಣಕ್ಕೆ ನುಗ್ಗಿಸಿ ಹಿಡಿಯುವುದೇ ಖೆಡ್ಡಾ. ಕಾಕನಕೋಟೆಯ ಖೆಡ್ಡಾ ನೋಡಲು ಮಹಾರಾಜರ ಅತಿಥಿಗಳು ದೇಶ ವಿದೇಶಗಳಿಂದ ಬರುತ್ತಿದ್ದರು. ಕೊನೆಯದು ನಡೆದದ್ದು 1971ರಲ್ಲಿ, ನನ್ನ ದಮಯಂತಿಯ ಅಂಚೆಚೀಟಿ ಬಂದ ವರ್ಷವೇ. ಆಮೇಲೆ ಕಬಿನಿ ಅಣೆಕಟ್ಟು ಬಂದು ಆ ಕಾಡಿನ ಬಹಳಷ್ಟು ನೆಲ ಹಿನ್ನೀರಿನಲ್ಲಿ ಮುಳುಗಿತು.

‘ಒಳಗೆ ಬನ್ನಿ ಯಜಮಾನ್ರೆ’ ಎಂದು ಕುರ್ಚಿ ಹಾಕಿದೆ. ಕೂರಲಿಲ್ಲ. ಫೋಟೊದ ಹತ್ತಿರ ಹೋಗಿ ನಿಂತರು. ನಮ್ಮ ನಿಯಮ ಅವರಿಗೆ ಯಾರೂ ಹೇಳಿರಲಿಲ್ಲ. ಮೂರು ನಿಮಿಷಕ್ಕಿಂತ ಹೆಚ್ಚೇ ಸುಮ್ಮನೆ ನೋಡಿದರು. ಆಮೇಲೆ ಮೂಲೆಯಲ್ಲಿದ್ದ ತೆಳು ಹೊಗೆಯ ಮೇಲೆ ಬೆರಳಿಟ್ಟರು.

‘ಹೊಗೆ ಇಂಗೆ ವಾಲದೆ. ಗಾಳಿ ಆ ದಡದಿಂದ ಈ ದಡಕ್ಕೆ. ಆನೆ ತಾವಿಂದ ಬಾಗ್ಲು ತಾವಿಕೆ. ಸರಿಯಾಗದೆ. ಬಾಗ್ಲಲ್ಲಿ ಕುಂತೋರ ವಾಸ್ನೆ ಆನೆಗೆ ಹೊಡೀತು ಅಂದ್ರೆ ಹಿಂಡು ಹಿಂದ್ಕೆ ತಿರುಗ್ತದೆ. ಹಿಂದೆ ಇರೋರ್ ಮೇಲೆ.’ ಸ್ವಲ್ಪ ತಡೆದು, ‘ಹಿಂದೆ ಇದ್ದೋರು ನಾವು’ ಎಂದರು.

ಕಪ್ಪುಹಲಗೆಯ ಕೆಳಗಿದ್ದ ಸೀಮೆಸುಣ್ಣದ ಪುಡಿಯನ್ನು ಚಿಟಿಕೆ ತೆಗೆದು ಕಿಟಕಿಯ ಬಳಿ ಉದುರಿಸಿ, ಗಾಳಿ ನೋಡುವುದು ಹೇಗೆಂದು ತೋರಿಸಿದರು. ಖೆಡ್ಡಾ ನಿಂತಾಗ ಅವರಿಗೆ ಇಪ್ಪತ್ತರ ಒಳಗೆ ವಯಸ್ಸಂತೆ. ಮೊಮ್ಮಗ ಗೋಡೆಗೆ ಒರಗಿ ನಿಂತು ತಾತನನ್ನೇ ನೋಡುತ್ತಿದ್ದ. ಮುಖ್ಯ ಶಿಕ್ಷಕಿ ಕಣಕ್ಕೆ ಬಂದ ಹಾಗೆ ಮೂರನೇ ತರಗತಿಯವರನ್ನೂ ಕರೆತಂದು ಕೂರಿಸಿದರು.

ಡಿಸೆಂಬರಿನಲ್ಲಿ ಮೈಸೂರು ಪ್ರವಾಸ ಗೊತ್ತಾಯಿತು. ಅಷ್ಟರಲ್ಲಿ ಹುಡುಗ ಇರಲಿಲ್ಲ. ಕಾಫಿ ಹಣ್ಣಾದಾಗ ಹಾಡಿಗಳ ಎಷ್ಟೋ ಸಂಸಾರಗಳು ಕೊಡಗಿಗೆ ಕೂಲಿಗೆ ಹೋಗುತ್ತವೆ. ಮಕ್ಕಳನ್ನು ಬಿಟ್ಟುಹೋಗಲು ಆಗುವುದಿಲ್ಲ. ಹೊರಡುವ ದಿನ ಬೆಳಿಗ್ಗೆ ಬಸ್ಸಿನ ಬಳಿ ತಾತ ನಿಂತಿದ್ದರು, ಒಗೆದ ಬಿಳಿ ಅಂಗಿ ತೊಟ್ಟು. ‘ಅವನ ಸೀಟು ಖಾಲಿ ಅದಲ್ಲಾ. ನಾನ್ ನೋಡ್ಕಬಂದು ಹೇಳ್ತೀನಿ’ ಎಂದರು.

ಅಂಬಾವಿಲಾಸ ಅರಮನೆಯ ಕಲ್ಯಾಣ ಮಂಟಪದ ಸುತ್ತಲ ಗೋಡೆಗಳ ಮೇಲೆ ದಸರಾ ಮೆರವಣಿಗೆಯ ಚಿತ್ರಗಳಿವೆ, ಒಟ್ಟು 26 ಫಲಕಗಳು. ನಿಜವಾದ ಫೋಟೊಗಳನ್ನು ಇಟ್ಟುಕೊಂಡು ಮೈಸೂರಿನ ಕಲಾವಿದರು ಬರೆದದ್ದು. ಅಂಬಾರಿ, ಕುದುರೆ ಪಡೆ, ವಾದ್ಯದವರು, ಬೀದಿಯ ಜನ. ಚಪ್ಪಲಿ ಹೊರಗೆ ಬಿಟ್ಟು, ತಣ್ಣಗಿನ ನೆಲದ ಮೇಲೆ ಮಕ್ಕಳು ಫಲಕದಿಂದ ಫಲಕಕ್ಕೆ ಹೋದರು. ಜನಸಂದಣಿಯಲ್ಲಿ ಮೂರು ನಿಮಿಷ ನಿಲ್ಲುವುದು ಸುಲಭವಲ್ಲ. ಹಿಂದಿನವರು ದೂಡುತ್ತಾರೆ, ಮುಂದೆ ನಿಂತು ಸೆಲ್ಫಿ ತೆಗೆಯುತ್ತಾರೆ. ನಮ್ಮವರು ಕೈಕೈ ಹಿಡಿದು ಅಡ್ಡಲಾಗಿ ನಿಂತುಬಿಟ್ಟರು, ಹಟದಿಂದ. ನನಗೆ ಒಳಗೊಳಗೇ ಖುಷಿ.

ತಾತ ಒಂದು ಆನೆಯ ಮುಂದೆ ನಿಂತರು. ನಾನು ಪಕ್ಕಕ್ಕೆ ಹೋಗಿ, ಏನು ಕಾಣ್ತದೆ ಎಂದು ಕೇಳಿದೆ.

‘ಮಾವುತನ ಕಾಲು.’

‘ಎಲ್ಲಿ? ಕಾಣೋದಿಲ್ಲವಲ್ಲ.’

‘ಕಾಣಬಾರ್ದು ಸಾ. ಕಿವಿ ಹಿಂದೆ ಇರಬೇಕು. ಅಲ್ಲಿಂದ್ಲೇ ಆನೆಗೆ ಹೇಳದು, ಅಂಗೆ ಇಂಗೆ ಅಂತ. ಮೊಣಕಾಲು ಮಡಗಿರದ ನೋಡಿದ್ರೆ ತಿಳೀತದೆ. ಸರಿಯಾಗಿ ಬರ್ದವ್ರೆ.’

ಇಷ್ಟು ವರ್ಷಗಳಲ್ಲಿ ಆ ಮೆರವಣಿಗೆಯ ಚಿತ್ರಗಳ ಮೇಲೆ ಬರೆದದ್ದನ್ನು ಅಲ್ಲಲ್ಲಿ ಓದಿದ್ದೇನೆ. ಬಣ್ಣ, ಬೆಳಕು, ಮುಖದ ಹೋಲಿಕೆ ಎಲ್ಲ ಹೊಗಳಿದ್ದಾರೆ. ಕಾಣದಿರುವ ಒಂದು ಕಾಲಿಗಾಗಿ ಕಲಾವಿದನನ್ನು ಮೆಚ್ಚಿದವರು ನನಗೆ ಸಿಕ್ಕಿದ್ದು ಇವರೊಬ್ಬರೇ. ವಾಪಸ್ ಬರುವಾಗ ಬಸ್ಸಿನಲ್ಲಿ ಮಕ್ಕಳು ಹಾಡು ಹೇಳುತ್ತಿದ್ದರೆ ತಾತ ಕಣ್ಣು ಮುಚ್ಚಿ, ಬೆರಳು ಮಡಿಸಿ ಮಡಿಸಿ ಏನನ್ನೋ ಎಣಿಸುತ್ತಿದ್ದರು. ಮೊಮ್ಮಗನಿಗೆ ಹೇಳಬೇಕಾದ್ದನ್ನು ಜೋಡಿಸಿಕೊಳ್ಳುತ್ತಿದ್ದರು ಅಂತ ಕಾಣುತ್ತದೆ.

ಹುಡುಗ ಮಾರ್ಚಿನಲ್ಲಿ ಮರಳಿದ. ಮೈ ಇಳಿದಿತ್ತು, ಎತ್ತರ ಬೆಳೆದಿದ್ದ. ಪರೀಕ್ಷೆ ಹತ್ತಿರವಿತ್ತು; ಮೇಡಂ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತಿದ್ದರು. ಶುಕ್ರವಾರ ನಾನು ಚಿತ್ರ ಬಿಚ್ಚುವ ಮೊದಲೇ ಅವನು ಎದ್ದು ಬಂದ.

‘ಅರಮನೆ ಸೂರಿಗೆ ಗಾಜಂತೆ. ಅದ್ರಲ್ಲಿ ನವಿಲಂತೆ. ತಾತ ಕುತ್ಗೆ ನೋವು ಬರಗಂಟ ಎಣಿಸ್ತಂತೆ, ಆಮೇಲೆ ಜನ ದೂಡಿ ಲೆಕ್ಕ ತಪ್ಪೋಯ್ತಂತೆ. ಎಷ್ಟವೆ?’

ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯಲ್ಲಿ ನವಿಲುಗಳಿರುವುದು ನನಗೂ ಗೊತ್ತು. ಗಾಜು ಸ್ಕಾಟ್ಲೆಂಡಿನ ಗ್ಲಾಸ್ಗೊದಿಂದ ಬಂದದ್ದು ಎಂದೂ ಹೇಳಿದೆ. ಅವನಿಗೆ ಗ್ಲಾಸ್ಗೊ ಬೇಕಿರಲಿಲ್ಲ. ‘ಎಷ್ಟವೆ?’ ಎಂದು ಮತ್ತೆ ಕೇಳಿದ. ಮೇಡಂ ಕಡೆ ನೋಡಿದೆ. ಅವರು ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ಹತ್ತಿರಕ್ಕೆ ಎಳೆದುಕೊಂಡರು.

ಈ ಸಲದ ಮೈಸೂರು ಪ್ರವಾಸ ನವೆಂಬರ್ ಮೊದಲ ವಾರಕ್ಕೆ ಬಂದಿದೆ, ಕಾಫಿ ಹಣ್ಣಾಗುವ ಮುಂಚೆ. ಬಸ್ಸಿನಲ್ಲಿ ತಾತನಿಗೂ ಒಂದು ಸೀಟು ಇಟ್ಟಿದ್ದೇವೆ.