ಕಾಣದ ಬಸಿರು

ಬೆಳಗಿನ ಹೊತ್ತು, ಮೈಸೂರು ರಸ್ತೆಯ ಬಿಎಂಟಿಸಿ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಬಹುಪಾಲು ಗಾರ್ಮೆಂಟ್ಸ್‌ಗೆ ಹೊರಟವರೇ. ಕಂಬಿಗೆ ಆತುಕೊಂಡು, ದುಪಟ್ಟಾದ ತುದಿಯನ್ನು ಮೂಗಿಗೆ ಒತ್ತಿ ನಿಂತವಳನ್ನು ನೋಡಿ. ಯಾರದೋ ಮುಡಿಯ ಮಲ್ಲಿಗೆ, ಯಾರದೋ ಡಬ್ಬಿಯ ಚಿತ್ರಾನ್ನ, ಡೀಸೆಲ್ ಹೊಗೆ ಎಲ್ಲವೂ ನೇರ ಗಂಟಲಿಗೇ ಬಂದು ತಾಗುತ್ತಿವೆ. ಬಾಯಲ್ಲಿ ನೀರೂರುತ್ತದೆ, ನುಂಗುತ್ತಾಳೆ, ಮತ್ತೆ ಊರುತ್ತದೆ. ಮುಂದಿನ ಸ್ಟಾಪಿನಲ್ಲಿ ತುಂಬಿದ ಬಸುರಿಯೊಬ್ಬಳು ಹತ್ತುತ್ತಾಳೆ. ಇಬ್ಬರು ಒಟ್ಟಿಗೇ ಎದ್ದು ಸೀಟು ಬಿಡುತ್ತಾರೆ. ಇವಳಿಗೆ ಈಗ ಎಂಟನೇ ವಾರ. ಇವಳತ್ತ ಯಾರೂ ತಿರುಗಿ ನೋಡುವುದಿಲ್ಲ.

ಮೈಯೊಳಗೆ ಮಾತ್ರ ಬಿಡುವಿಲ್ಲದ ದುಡಿಮೆ. ಗುಬ್ಬಚ್ಚಿಯ ಮೊಟ್ಟೆಗಿಂತ ದೊಡ್ಡದಲ್ಲದ ಭ್ರೂಣದಲ್ಲಿ ಹೃದಯ ಆಗಲೇ ಮಿಡಿಯುತ್ತಿದೆ. ಅದಕ್ಕಾಗಿ ತಾಯಿಯ ಹೃದಯ ಪಂಪು ಮಾಡುವ ರಕ್ತ ಏರತೊಡಗಿದೆ. ಪ್ರೊಜೆಸ್ಟರಾನ್ ಏರಿ ಕರುಳು ನಿಧಾನವಾಗಿದೆ, ಹೊಟ್ಟೆ ಉಬ್ಬರಿಸುತ್ತದೆ, ಕೂತಲ್ಲೇ ಕಣ್ಣು ಎಳೆಯುತ್ತದೆ. ಬ್ರಾ ತಾಗಿದರೂ ಎದೆ ನೋಯುತ್ತದೆ. 'ನಾವೂ ಹೆತ್ತಿದೀವಿ, ಇಷ್ಟಕ್ಕೆಲ್ಲ ಮಲಗ್ತಿದ್ವಾ?' ಅಂದಿದ್ದರು ಅತ್ತೆ. ಗರ್ಭದಿಂದ ರಕ್ತಕ್ಕೆ ಸೇರುವ ಜಿಡಿಎಫ್15 ಎಂಬ ಹಾರ್ಮೋನೇ ಈ ವಾಕರಿಕೆ, ವಾಂತಿಯ ಮುಖ್ಯ ಕಾರಣಗಳಲ್ಲೊಂದು, ಅದನ್ನು ತಾಳಿಕೊಳ್ಳುವ ಶಕ್ತಿ ಹೆಂಗಸಿನಿಂದ ಹೆಂಗಸಿಗೆ ಬೇರೆ ಎಂದು 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿತು. ಈ ಸಂಕಟವನ್ನು ನಾಟಕ ಅನ್ನುವುದು ಅನ್ಯಾಯ.

ಹೊಲಿಗೆಯ ಹಾಲ್. ನೂರಾರು ಮಿಷಿನ್‌ಗಳ ಸದ್ದು, ಪಕ್ಕದ ಐರನ್ ಟೇಬಲ್‌ನಿಂದ ಉಗಿ, ಹೊಸ ಬಟ್ಟೆಯ ಘಾಟು. ಕಾಲರ್ ಬಂಡಲ್ ಮುಂದೆ ಬಿದ್ದಿದೆ. ಮೂತ್ರಕ್ಕೆ ಮತ್ತೆ ಅವಸರ. ಮೂರನೇ ತಿಂಗಳು ಮುಗಿಯುವ ಹೊತ್ತಿಗೆ ಮೂತ್ರಪಿಂಡಗಳು ಸುಮಾರು ಅರ್ಧದಷ್ಟು ಹೆಚ್ಚು ಸೋಸುತ್ತವೆ, ಟಾರ್ಗೆಟ್ ಮಾತ್ರ ಅಷ್ಟೇ ಇರುತ್ತದೆ. ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ. ಅವಳು ಎದ್ದೇ ಹೋಗುತ್ತಾಳೆ. ಬಾಗಿಲ ಚಿಲಕ ಹಾಕಿ ಮೊದಲು ಒಳಬಟ್ಟೆ ನೋಡಿಕೊಳ್ಳುತ್ತಾಳೆ, ರಕ್ತದ ಕಲೆ ಇದೆಯೇ ಎಂದು. ಇಲ್ಲ. ಉಸಿರು ಬಿಟ್ಟವಳಿಗೆ ಅಲ್ಲೇ ಅಳು ಬರುತ್ತದೆ, ಯಾಕೆಂದು ಅವಳಿಗೇ ತಿಳಿಯದು. ಸಂತೋಷವೂ ಇದೆ, ಹೆದರಿಕೆಯೂ ಇದೆ. ಹೇಳಿಕೊಳ್ಳೋಣವೆಂದರೆ ಮೂರು ತಿಂಗಳು ತುಂಬುವವರೆಗೂ ಬಾಯಿ ಬಿಡಬಾರದು ಅನ್ನುತ್ತಾರೆ ಮನೆಯಲ್ಲಿ. ಆರಂಭದಲ್ಲೇ ಗರ್ಭ ಇಳಿದುಹೋಗುವುದಕ್ಕೆ ಸುಮಾರು ಅರ್ಧದಷ್ಟು ಸಲ ವರ್ಣತಂತುಗಳ ದೋಷವೇ ಕಾರಣ. ಹೇಳಿದ್ದರಿಂದ, ದೃಷ್ಟಿ ತಾಗಿದ್ದರಿಂದ ಯಾರ ಬಸಿರೂ ಇಳಿಯುವುದಿಲ್ಲ. ಆದರೂ ಅತಿ ಕಷ್ಟದ ವಾರಗಳನ್ನೇ ನಾವು ಅವಳೊಬ್ಬಳ ತಲೆಗೆ ಕಟ್ಟಿದ್ದೇವೆ. ಕಾನೂನೂ ಹಾಗೆಯೇ ಯೋಚಿಸಿತು: 1961ರ ಹೆರಿಗೆ ಸೌಲಭ್ಯ ಕಾಯ್ದೆ ಶ್ರಮದ ಕೆಲಸ ಬೇಡವೆಂದು ಕೇಳುವ ಹಕ್ಕು ಬರೆದದ್ದು ಹೆರಿಗೆಗೆ ಮುಂಚಿನ ಕೆಲವೇ ವಾರಗಳಿಗೆ.

ವಾಪಸ್ ಬಂದಾಗ ಪಕ್ಕದ ಮಿಷಿನ್‌ನ ಅಕ್ಕ ಇವಳ ಬಂಡಲ್‌ನಿಂದ ಅರ್ಧ ಪೀಸುಗಳನ್ನು ತನ್ನತ್ತ ಎಳೆದುಕೊಂಡಿದ್ದಾಳೆ.

'ಎಷ್ಟು ತಿಂಗಳೇ?'

'ಎರಡು, ಅಕ್ಕ. ಯಾರಿಗೂ ಹೇಳ್ಬೇಡಿ.'

'ತಾಯಿ ಕಾರ್ಡ್ ಮಾಡಿಸಿದ್ಯಾ? ಫೋಲಿಕ್ ಮಾತ್ರೆ ತಗೋತಿದ್ಯಾ?'

ಇಲ್ಲವೆಂದು ತಲೆಯಾಡಿಸುತ್ತಾಳೆ.

'ನಾಳೆ ಅರ್ಧ ದಿನ ರಜ ಹಾಕು, ಆಸ್ಪತ್ರೆಗೆ ನಾನೂ ಬರ್ತೀನಿ. ಈಗ ಜಾಗ ಬದಲಾಯಿಸ್ಕೋ, ಆ ಉಗಿ ಹತ್ರ ನಾನು ಕೂತ್ಕೋತೀನಿ.'