ಇನ್ನೊಬ್ಬರು ಯಾರಿದ್ದಾರೆ?

ಪ್ರೀತಿಯ ಗೆಳತಿಗೆ,

ನಿಮ್ಮ ಕಾಗದ ಓದಿ ಮನಸ್ಸು ತುಂಬಿತು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಮುಗಿಸಿದ್ದೀರಿ, ಜೆಆರ್‌ಎಫ್ ಫೆಲೋಶಿಪ್ ಸಿಕ್ಕಿದೆ. ನಿಮ್ಮ ವಿಭಾಗದ ಮೇಷ್ಟ್ರೊಬ್ಬರು ‘ಇಲ್ಲೇ ನನ್ನ ಹತ್ತಿರ ಸೇರಮ್ಮಾ’ ಅಂದಿದ್ದಾರೆ, ಬೆಂಗಳೂರಿನ ಸಂಸ್ಥೆಯೊಂದು ಇಂಟರ್‌ವ್ಯೂಗೆ ಕರೆದಿದೆ, ಅಮೆರಿಕದ ಒಂದು ವಿಶ್ವವಿದ್ಯಾಲಯ ಸೀಟು ಕೊಟ್ಟಿದೆ. ‘ಯಾವುದರ ಹೆಸರು ದೊಡ್ಡದು ಅಂತ ಎಲ್ಲರೂ ಹೇಳುತ್ತಾರೆ, ನಾನು ಎಲ್ಲಿ ಚೆನ್ನಾಗಿ ಕಲಿತೇನು ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ’ ಎಂದು ಬರೆದಿದ್ದೀರಿ. ಕೇಳಬೇಕಾದ ಪ್ರಶ್ನೆ ಅದೇ. ನನಗೆ ತಿಳಿದಷ್ಟು ಹೇಳುತ್ತೇನೆ.

ಕಮಲಾ ಸೊಹೊನಿಯವರ ಹೆಸರು ನೀವು ಕೇಳಿಯೇ ಇರುತ್ತೀರಿ, ನಿಮ್ಮ ವಿಷಯದವರೇ. ಆಗಿನ್ನೂ ಅವರು ಕಮಲಾ ಭಾಗವತ್. 1933ರಲ್ಲಿ ಮುಂಬಯಿಯಲ್ಲಿ ಬಿ.ಎಸ್ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ದೇಶದಲ್ಲಿ ಅದಕ್ಕಿಂತ ದೊಡ್ಡ ಹೆಸರಿರಲಿಲ್ಲ, ನಿರ್ದೇಶಕರು ಸಿ.ವಿ. ರಾಮನ್. ಹೆಣ್ಣುಮಗಳು ಎಂಬ ಕಾರಣಕ್ಕೆ ಸೀಟು ಕೊಡಲಿಲ್ಲ. ಆಕೆ ಪಟ್ಟು ಹಿಡಿದ ಮೇಲೆ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಒಳಗೆ ಹೋದ ಮೇಲೆ ಅವರಿಗೆ ದಕ್ಕಿದ್ದು ಎಂ. ಶ್ರೀನಿವಾಸಯ್ಯನವರಂಥ ಗುರು. ತುಂಬ ಕಟ್ಟುನಿಟ್ಟಿನವರು, ಆದರೆ ಮನಸ್ಸಿಟ್ಟು ಕಲಿಸಿದವರು. ಹಾಲು, ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕಮಲಾ ಅಲ್ಲಿ ಕೈಪಳಗಿಸಿಕೊಂಡರು. ಮುಂದೆ ಕೇಂಬ್ರಿಜ್‌ಗೆ ಹೋಗಿ ಡೆರೆಕ್ ರಿಕ್ಟರ್ ಅವರ ಬಳಿ ಕೆಲಸ ಶುರುಮಾಡಿದರು. ರಿಕ್ಟರ್ ಕೇಂಬ್ರಿಜ್ ಬಿಟ್ಟು ಹೊರಟಾಗ ಅಲ್ಲೇ ಸಸ್ಯಗಳ ಮೇಲೆ ಅದೇ ಬಗೆಯ ಕೆಲಸ ಮಾಡುತ್ತಿದ್ದ ರಾಬಿನ್ ಹಿಲ್ ಅವರ ಜೊತೆ ಸೇರಿಕೊಂಡರು. ಆಲೂಗಡ್ಡೆಯ ಮೇಲೆ ಕೆಲಸ ಮಾಡುತ್ತ, ಸಸ್ಯದ ಜೀವಕೋಶಗಳಲ್ಲೂ ಸೈಟೋಕ್ರೋಮ್ ಸಿ ಇದೆ ಎಂದು ಕಂಡುಕೊಂಡದ್ದು ಆಮೇಲೆ. 1939ರಲ್ಲಿ ಪಿಎಚ್.ಡಿ. ಬಂತು.

ಇದರಲ್ಲಿ ನಾನು ನಿಮ್ಮ ಗಮನಕ್ಕೆ ತರಬೇಕೆಂದಿರುವುದು ಒಂದೇ ಸಂಗತಿ. ಗೈಡ್ ಊರು ಬಿಟ್ಟರೂ ಕಮಲಾ ಅವರ ಕೆಲಸ ನಿಲ್ಲಲಿಲ್ಲ, ಏಕೆಂದರೆ ಅದೇ ಜಾಗದಲ್ಲಿ ಇನ್ನೊಬ್ಬರಿದ್ದರು. ಪಿಎಚ್.ಡಿ.ಗೆ ಜಾಗ ಹುಡುಕುವಾಗ ‘ಗೈಡ್ ಯಾರು’ ಎಂದು ಎಲ್ಲರೂ ಕೇಳುತ್ತಾರೆ. ‘ಅವರಿಲ್ಲದಿದ್ದರೆ ಇನ್ನು ಯಾರಿದ್ದಾರೆ’ ಎಂದು ಕೇಳುವವರು ಕಡಿಮೆ. ಐದಾರು ವರ್ಷ ಸಣ್ಣ ಅವಧಿಯಲ್ಲ. ಅಷ್ಟರಲ್ಲಿ ಗೈಡ್ ಬೇರೆ ಸಂಸ್ಥೆಗೆ ಹೋಗಬಹುದು, ಪ್ರಾಜೆಕ್ಟಿನ ದುಡ್ಡು ಮುಗಿಯಬಹುದು, ಆರೋಗ್ಯ ಕೆಡಬಹುದು, ಇಬ್ಬರ ನಡುವೆ ಮಾತೇ ನಿಲ್ಲಬಹುದು. ಆಗ ಹೋಗಿ ಕೂತು ಮಾತಾಡಲು, ಬೇಕಾದರೆ ಕೆಲಸ ಮುಂದುವರಿಸಲು ಇನ್ನೊಬ್ಬರಿಲ್ಲದ ಜಾಗದಲ್ಲಿ ಎಷ್ಟೇ ಜಾಣ ವಿದ್ಯಾರ್ಥಿಗಳೂ ಒಂಟಿಯಾಗುತ್ತಾರೆ.

ಯುಜಿಸಿಯ 2022ರ ಪಿಎಚ್.ಡಿ. ನಿಯಮಗಳನ್ನು ಒಮ್ಮೆ ಓದಿಕೊಳ್ಳಿ. ಪ್ರೊಫೆಸರ್ ಒಬ್ಬರು ಒಂದು ಕಾಲಕ್ಕೆ 8 ಜನರಿಗೆ, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರಿಗೆ ಮಾತ್ರ ಗೈಡ್ ಆಗಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನಿಮ್ಮ ಮೇಷ್ಟ್ರ ಬಳಿ ಈಗ ಎಷ್ಟು ಜನರಿದ್ದಾರೆ, ಅವರಿಗೆ ಎಷ್ಟು ವರ್ಷದ ಸರ್ವಿಸ್ ಇದೆ ಎಂದು ವಿನಯದಿಂದಲೇ ಕೇಳಿ, ತಪ್ಪೇನಿಲ್ಲ. ಪ್ರತಿ ಸೆಮಿಸ್ಟರ್ ನಿಮ್ಮ ಕೆಲಸ ನೋಡಬೇಕಾದ ಸಲಹಾ ಸಮಿತಿಯೂ ನಿಯಮದಲ್ಲಿದೆ. ಅದರಲ್ಲಿ ಯಾರಿರುತ್ತಾರೆ, ಅದು ನಿಜವಾಗಿ ಸೇರುತ್ತದೆಯೇ, ಬರೀ ಸಹಿಯಲ್ಲಿ ಮುಗಿಯುತ್ತದೆಯೇ ಎಂಬುದನ್ನು ಸೀನಿಯರ್‌ಗಳಿಂದ ತಿಳಿಯಿರಿ. ಆ ‘ಇನ್ನೊಬ್ಬರು’ ಬಹಳ ಸಲ ಆ ಸಮಿತಿಯಲ್ಲೇ ಸಿಗುತ್ತಾರೆ.

ಒಂದು ಲ್ಯಾಬ್ ಹೇಗಿದೆ ಎಂದು ತಿಳಿಯಲು ನಮ್ಮ ಕೈಯಲ್ಲೇ ಒಂದು ಒಳ್ಳೆಯ ಸಾಧನವಿದೆ: ಶೋಧಗಂಗಾ. ನಮ್ಮ ವಿಶ್ವವಿದ್ಯಾಲಯಗಳ ಲಕ್ಷಗಟ್ಟಲೆ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಯಾರು ಬೇಕಾದರೂ ಓದುವಂತಿವೆ. ಆ ಗೈಡ್ ಕೈಕೆಳಗೆ ಬಂದ ಪ್ರಬಂಧಗಳನ್ನು ತೆಗೆದು, ಮೊದಲು ಕೃತಜ್ಞತೆಯ ಪುಟ ಓದಿ. ಯಾವ ಯಂತ್ರಕ್ಕಾಗಿ ಯಾವ ಊರಿಗೆ ಹೋಗಬೇಕಾಯಿತು, ಪಕ್ಕದ ಲ್ಯಾಬಿನವರು ಯಾರು ಕೈಹಿಡಿದರು ಎಂಬುದೆಲ್ಲ ಅಲ್ಲಿ ತಾನಾಗಿ ಹೊರಬರುತ್ತದೆ. ಆಮೇಲೆ ಆ ಗೈಡ್ ಪ್ರಕಟಿಸಿದ ಪೇಪರುಗಳಲ್ಲಿ ಮೊದಲ ಹೆಸರು ವಿದ್ಯಾರ್ಥಿಯದೇ ಎಂದು ನೋಡಿ.

ಅದಾದ ಮೇಲೆ ಮೂರನೆಯ, ನಾಲ್ಕನೆಯ ವರ್ಷದಲ್ಲಿರುವವರಿಗೆ ಫೋನ್ ಮಾಡಿ. ಬರೆದು ಕೇಳಿದರೆ ಯಾರೂ ಮನಸ್ಸು ಬಿಚ್ಚುವುದಿಲ್ಲ. ‘ಗೈಡ್ ಒಳ್ಳೆಯವರಾ’ ಎಂದರೆ ‘ಹೂಂ’ ಎನ್ನುತ್ತಾರೆ, ಅಷ್ಟೇ. ಬದಲಿಗೆ, ಪ್ರಯೋಗ ಆರು ತಿಂಗಳು ಕೈಕೊಟ್ಟಾಗ ಅವರು ಏನಂದರು ಎಂದು ಕೇಳಿ. ಊರಿಗೆ ಹೋಗಲು ರಜೆ ಕೇಳುವುದು ಸುಲಭವೇ? ರಾತ್ರಿ ಲ್ಯಾಬಿನಿಂದ ಹಾಸ್ಟೆಲಿಗೆ ಹೆಣ್ಣುಮಕ್ಕಳು ಹೇಗೆ ಹೋಗುತ್ತಾರೆ? ಮುಖ್ಯವಾಗಿ, ನಡುವೆ ಬಿಟ್ಟುಹೋದವರು ಯಾರಾದರೂ ಇದ್ದಾರೆಯೇ, ಅವರ ಬಗ್ಗೆ ಈಗ ಲ್ಯಾಬಿನಲ್ಲಿ ಹೇಗೆ ಮಾತಾಡುತ್ತಾರೆ? ಬಿಟ್ಟುಹೋದವರನ್ನು ಗೌರವದಿಂದ ನೆನೆಯುವ ಕಡೆ ಉಳಿದವರೂ ನೆಮ್ಮದಿಯಾಗಿರುತ್ತಾರೆ.

ದುಡ್ಡಿನ ಮಾತಿಗೆ ನಾಚಿಕೆ ಬೇಡ. 2023ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋ (ಎಸ್‌ಆರ್‌ಎಫ್) ಆದರೆ 42,000. ಮೊತ್ತದಷ್ಟೇ ಮುಖ್ಯವಾದದ್ದು ಅದು ಕೈಗೆ ಬರುವ ಹೊತ್ತು, ಅದನ್ನೂ ಸೀನಿಯರ್‌ಗಳನ್ನೇ ಕೇಳಿ. ಅಮೆರಿಕಕ್ಕೆ ಹೋದರೆ ಈ ಫೆಲೋಶಿಪ್ ಬಿಟ್ಟುಕೊಡಬೇಕು. ಅಲ್ಲಿಯವರು ಎಷ್ಟು ವರ್ಷಕ್ಕೆ ಖಾತರಿ ಕೊಡುತ್ತಾರೆ, ಬೇಸಿಗೆ ತಿಂಗಳಲ್ಲೂ ಸಂಬಳ ಇದೆಯೇ, ಫೀಸು ಮತ್ತು ಆರೋಗ್ಯ ವಿಮೆ ಯಾರ ಖರ್ಚು, ಆ ಊರಿನ ಬಾಡಿಗೆ ಎಷ್ಟು ಎಂದು ಲೆಕ್ಕ ಹಾಕಿ. ಅವಸರ ಮಾಡಿದರೆ ಬಗ್ಗಬೇಡಿ. ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಆರ್ಥಿಕ ನೆರವಿನ ಸೀಟಿಗೆ ಏಪ್ರಿಲ್ 15ರವರೆಗೆ ಕಾಯುವುದಾಗಿ ಒಪ್ಪಿಕೊಂಡಿವೆ.

ಅಮೆರಿಕದ ಜೀವವಿಜ್ಞಾನ ವಿಭಾಗಗಳಲ್ಲಿ ನನಗೆ ಇಷ್ಟವಾದ ಪದ್ಧತಿಯೊಂದಿದೆ. ಮೊದಲ ವರ್ಷ ಎರಡು ಮೂರು ಲ್ಯಾಬುಗಳಲ್ಲಿ ಕೆಲವು ವಾರ ಕೆಲಸ ಮಾಡಿ ನೋಡಿ, ಆಮೇಲೆ ಗೈಡ್ ಆರಿಸಿಕೊಳ್ಳುವುದು. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯಲ್ಲೂ ಇದು ಇದೆ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಬದುಕು ನಿರ್ಧಾರವಾಗುವಂತೆ, ಅರ್ಧ ಗಂಟೆಯ ಇಂಟರ್‌ವ್ಯೂನಲ್ಲಿ ಗೈಡ್ ನಿರ್ಧಾರವಾಗುವ ಕಷ್ಟ ಇದರಿಂದ ತಪ್ಪುತ್ತದೆ. ನಿಮಗೆ ಸೀಟು ಕೊಟ್ಟ ವಿಭಾಗದಲ್ಲಿ ಈ ಪದ್ಧತಿ ಇದ್ದರೆ, ನನ್ನ ಮಟ್ಟಿಗೆ ಅದಕ್ಕೆ ಯಾವ ರ‍್ಯಾಂಕಿಗಿಂತಲೂ ಹೆಚ್ಚು ತೂಕ.

ಹಾಗೆಂದು ಶಂಕರಘಟ್ಟವನ್ನು ಕಡೆಗಣಿಸಬೇಡಿ. ಪಶ್ಚಿಮ ಘಟ್ಟದ ಗಿಡಮೂಲಿಕೆಗಳ ಮೇಲೆ ಕೆಲಸ ಮಾಡುವ ಆಸೆ ನಿಮಗಿದೆ ಎಂದಿರಿ. ಅದಕ್ಕೆ ಭದ್ರೆಯ ಕಾಡಿನ ಮಗ್ಗುಲಲ್ಲೇ ಇರುವ ಜಾಗಕ್ಕಿಂತ ಹತ್ತಿರದ್ದು ಎಲ್ಲಿ ಸಿಕ್ಕೀತು? ಆದರೂ ಎಂ.ಎಸ್ಸಿ. ಮಾಡಿದ ಕಡೆಯೇ ಪಿಎಚ್.ಡಿ.ಯನ್ನೂ ಮಾಡಿದರೆ ಅದೇ ಜನ, ಅದೇ ವಿಚಾರಗಳ ನಡುವೆಯೇ ಉಳಿದುಬಿಡುತ್ತೇವೆ. ಒಮ್ಮೆ ಹೊರಗೆ ಹೋಗುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಅಲ್ಲೇ ಉಳಿಯುವುದಾದರೆ ಬೇರೆ ಸಂಸ್ಥೆಯಿಂದ ಸಹ-ಗೈಡ್ ಒಬ್ಬರನ್ನು ಮೊದಲೇ ಕೇಳಿಕೊಳ್ಳಿ.

ಮನೆಯಲ್ಲಿ ಮದುವೆಯ ಮಾತು ಎದ್ದಿದೆ ಎಂದೂ ಬರೆದಿದ್ದೀರಿ. ಅಪ್ಪ ಅಮ್ಮನಿಗೆ ಹೇಳಿ: ನಮ್ಮ ದೇಶದಲ್ಲಿ ಪಿಎಚ್.ಡಿ.ಯ 6 ವರ್ಷದ ಗಡುವಿನ ಮೇಲೆ ಹೆಣ್ಣುಮಕ್ಕಳಿಗೆ ಇನ್ನೂ 2 ವರ್ಷ ಸಿಗಬಹುದು, ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯೂ ಇದೆ. ಮದುವೆಯಾದರೆ ಓದು ನಿಂತೀತು ಎಂಬ ಭಯವಾಗಲಿ, ಓದಿದರೆ ಮದುವೆ ತಪ್ಪೀತು ಎಂಬ ಭಯವಾಗಲಿ ಬೇಡ.

ಈ ಭಾನುವಾರ ಒಂದು ಹಾಳೆ ತೆಗೆದುಕೊಳ್ಳಿ. ಮೂರೂ ಜಾಗಗಳ ಹೆಸರು ಬರೆದು, ಪ್ರತಿಯೊಂದರ ಎದುರು ಗೈಡ್ ಹೆಸರು ಬರೆಯಿರಿ, ಪಕ್ಕದಲ್ಲಿ ನೀವು ನಂಬಬಹುದಾದ ಇನ್ನೊಬ್ಬರ ಹೆಸರು. ಆ ಎರಡನೆಯ ಹೆಸರು ಬರೆಯಲು ಆಗದ ಜಾಗ ಎಷ್ಟೇ ದೊಡ್ಡದಿರಲಿ, ಅದನ್ನು ಬಿಡಿ. ಉಳಿದವುಗಳಲ್ಲಿ ನಿಮಗೆ ಇಷ್ಟವಾದದ್ದನ್ನು ಧೈರ್ಯವಾಗಿ ಆರಿಸಿ. ಯಾವುದೆಂದು ನನಗೂ ತಿಳಿಸಿ, ಕಾಯುತ್ತಿರುತ್ತೇನೆ.

ಒಳ್ಳೆಯದಾಗಲಿ.

ಪ್ರೀತಿಯಿಂದ,
ನಿಮ್ಮ ಹಿರಿಯ ಗೆಳತಿ