ಬೆಣೆ ಹಾರಿದ ಬೆಳಗು



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನಮ್ಮ ಪ್ರಯೋಗಶಾಲೆಯ ಒಂದು ಪ್ರಯೋಗ ನೆನಪಿರಬಹುದು. ಬೀಕರಿನ ನೀರಿನ ತಳಕ್ಕೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದು ಹರಳನ್ನು ಬಿಟ್ಟು, ಕೆಳಗೆ ಸ್ಪಿರಿಟ್ ದೀಪವನ್ನಿಟ್ಟರೆ, ನೇರಳೆ ಬಣ್ಣದ ಎಳೆಯೊಂದು ಮೇಲೇರಿ, ಅಂಚಿನಲ್ಲಿ ಇಳಿದು, ಮತ್ತೆ ತಳವನ್ನು ಸೇರುತ್ತಿತ್ತು. "ಇದೇ ಉಷ್ಣಸಂವಹನ" ಎಂದು ನಾನು ಗತ್ತಿನಿಂದ ಹೇಳುತ್ತಿದ್ದೆ. ಅದೇ ಪಾಠವನ್ನು ನಿವೃತ್ತನಾದ ಮೇಲೆ ನಾನು ಮರಳಿ ಕಲಿಯಬೇಕಾಗಿ ಬಂದ ಪ್ರಸಂಗವನ್ನು ಸಂಕೋಚದಿಂದಲೇ ಇಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ.

ನಮ್ಮದು ತಿಪಟೂರು ಸೀಮೆಯ ತೋಟದ ಮನೆ. ಒಣಗಿದ ಗರಿ, ಮಟ್ಟೆ, ಚಿಪ್ಪುಗಳಿಗೆ ಬರವಿಲ್ಲ. ಬಚ್ಚಲುಮನೆಯಲ್ಲಿ ನನ್ನ ತಾಯಿಯ ಕಾಲದ ತಾಮ್ರದ ಹಂಡೆಯಿತ್ತು. ಆದರೆ ಅದರ ಒಲೆಯ ಹೊಗೆ ಕುಡಿದು ನನ್ನ ಶ್ರೀಮತಿಯ ಕಣ್ಣುಗಳು ಸದಾ ಕೆಂಪಾಗಿರುತ್ತಿದ್ದವು. 2019ರಲ್ಲಿ ನಾನು ಒಲೆಯನ್ನು ಹಿತ್ತಲಿಗೆ ಸಾಗಿಸಿದೆ. ತಗಡಿನ ಚಪ್ಪರದಡಿ ಉಕ್ಕಿನ ಬಾಯ್ಲರ್. ಒಳಗೆ, ಅದಕ್ಕಿಂತ ಎತ್ತರದಲ್ಲಿ, 150 ಲೀಟರಿನ ಮುಚ್ಚಿದ ಟ್ಯಾಂಕು. ಬಾಯ್ಲರಿನ ಬಿಸಿನೀರು ಒಂದು ಕೊಳವೆಯಲ್ಲಿ ಮೇಲೇರಿ, ಟ್ಯಾಂಕಿನೊಳಗಿನ ತಾಮ್ರದ ಸುರುಳಿಯನ್ನು ಸುತ್ತಿ, ತನ್ನ ಶಾಖವನ್ನು ಸ್ನಾನದ ನೀರಿಗೆ ಕೊಟ್ಟು, ತಣಿದು, ಇನ್ನೊಂದು ಕೊಳವೆಯಲ್ಲಿ ಬಾಯ್ಲರಿನ ತಳಕ್ಕೆ ಇಳಿಯುತ್ತದೆ. ಒಲೆಯ ನೀರೂ ಸ್ನಾನದ ನೀರೂ ಎಂದೂ ಬೆರೆಯುವುದಿಲ್ಲ. ಪಂಪಿಲ್ಲ, ವಿದ್ಯುತ್ತಿನ ಹಂಗಿಲ್ಲ. ಎಲ್ಲಕ್ಕಿಂತ ಎತ್ತರದಲ್ಲಿ ಬಾಯಿ ತೆರೆದ ಒಂದು ಕೊಳವೆ. ನೀರು ತುಂಬುವುದೂ ಅಲ್ಲಿಂದಲೇ, ಆವಿ ಹೊರಹೋಗುವುದೂ ಅಲ್ಲಿಂದಲೇ. ಬಂದವರಿಗೆಲ್ಲ ಇದನ್ನು ತೋರಿಸಿ ವಿವರಿಸುವುದು ನನ್ನ ಹವ್ಯಾಸವಾಗಿತ್ತು.

2024ರ ದೀಪಾವಳಿಗೆ ಮೂರು ವಾರಗಳಿದ್ದಾಗ ತೊಂದರೆ ಶುರುವಾಯಿತು. ಎರಡರಷ್ಟು ಸೌದೆ ಉರಿದರೂ ನಲ್ಲಿಯಲ್ಲಿ ಉಗುರುಬೆಚ್ಚನೆಯ ನೀರು. ಹೊರಗೆ ಮಾತ್ರ ಬಾಯ್ಲರ್ ಕುದಿದು, ಮೇಲಿನ ಕೊಳವೆಯಿಂದ ಆವಿಯೂ ಬಿಸಿನೀರೂ ಚಿಮ್ಮುತ್ತಿದ್ದವು. ನಾನು ಬಟ್ಟೆ ಹಿಡಿದು ಎರಡೂ ಕೊಳವೆಗಳನ್ನು ಮುಟ್ಟಿ ನೋಡಿದೆ. ಹೋಗುವ ಕೊಳವೆ ಸುಡುತ್ತಿತ್ತು. ಮರಳುವ ಕೊಳವೆಯೂ ಹೆಚ್ಚುಕಡಿಮೆ ಅಷ್ಟೇ ಸುಡುತ್ತಿತ್ತು. "ನೀರು ಚೆನ್ನಾಗಿ ತಿರುಗುತ್ತಿದೆ, ಶಾಖವೆಲ್ಲ ಮೇಲಿನ ಕೊಳವೆಯಿಂದ ಪೋಲಾಗುತ್ತಿದೆ" ಎಂದು ತೀರ್ಮಾನಿಸಿದೆ. ತೆಂಗಿನ ನಾರು ಸುತ್ತಿದ ಮರದ ಬೆಣೆಯೊಂದನ್ನು ಅದರ ಬಾಯಿಗೆ ಜಡಿದೆ.

ಮರುದಿನ ಮಳೆ ಹನಿಯುತ್ತಿದ್ದ ಬೆಳಗು. ದಸರಾ ರಜೆಗೆ ಬಂದಿದ್ದ ಮೊಮ್ಮಗ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಅಂಗೈ ಕಾಯಿಸಿಕೊಳ್ಳುತ್ತಿದ್ದ. ಬಾಯ್ಲರಿನೊಳಗಿಂದ ಯಾರೋ ಸುತ್ತಿಗೆಯಿಂದ ಬಡಿದಂತೆ ಸದ್ದು ಬರತೊಡಗಿತು. ನಾನು ಅವನಿಗೆ ಆ ಸದ್ದಿನ ಕಾರಣವನ್ನು ವಿವರಿಸಲು ತೊಡಗಿದ್ದೆ. ಅಷ್ಟರಲ್ಲಿ ಓಡಿ ಬಂದ ಶ್ರೀಮತಿ, "ಪಾಠ ಆಮೇಲೆ ಹೇಳಿ, ಮೊದಲು ಮಗೂನ ಆಚೆ ಕರ್ಕೊಂಡ್ ಹೋಗಿ!" ಎಂದು ಕೂಗುತ್ತಲೇ ಉರಿಯುತ್ತಿದ್ದ ಮಟ್ಟೆಗಳನ್ನು ಒಂದೊಂದಾಗಿ ಎಳೆದು ಅಂಗಳಕ್ಕೆ ಎಸೆದಳು. ನಾನು ಹುಡುಗನನ್ನು ಎತ್ತಿಕೊಂಡು ಬಾವಿಕಟ್ಟೆಯವರೆಗೆ ಹೋದೆ. ಅವಳೂ ಹಿಂದೆಯೇ ಬಂದಳು. ಕೆಲವು ಕ್ಷಣಗಳಲ್ಲಿ ಆ ಬೆಣೆ ಗುಂಡಿನಂತೆ ಹಾರಿ ತಗಡಿಗೆ ಬಡಿಯಿತು. ಹಿಂದೆಯೇ ಆವಿಯ ಕಂಬವೆದ್ದಿತು.

ಒಂದು ಲೀಟರ್ ನೀರು ಆವಿಯಾದರೆ 1,600 ಲೀಟರಿಗೂ ಹೆಚ್ಚು ಜಾಗ ಬೇಡುತ್ತದೆ. ಎಲ್ಲ ದಾರಿ ಮುಚ್ಚಿದರೆ ನೀರು ನೂರು ಡಿಗ್ರಿಯನ್ನು ದಾಟಿಯೂ ದ್ರವವಾಗಿಯೇ ಉಳಿದು, ಪಾತ್ರೆ ಬಿರಿದ ಕ್ಷಣದಲ್ಲಿ ಸ್ಫೋಟಿಸುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ ಲೆಕ್ಕವಿಲ್ಲ. ಬೆಣೆ ಸಡಿಲವಾಗಿತ್ತೆಂಬುದೇ ನಮ್ಮ ಪುಣ್ಯ. ಅಂದು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಮರುದಿನ ಬಂದ ಪ್ಲಂಬರ್ ನಿಮ್ಮಲ್ಲೇ ಒಬ್ಬ. ನನ್ನ ಹಳೆಯ ವಿದ್ಯಾರ್ಥಿ. ಅವನೂ ಎರಡು ಕೊಳವೆಗಳ ಕಥೆಯನ್ನು ಕೇಳಿದ. "ಸಾರ್, ಮರಳೋ ನೀರೂ ಸುಡ್ತಿದೆ ಅಂದ್ರೆ ಅದು ಶಾಖ ಕೊಡದೇ ವಾಪಸ್ ಬರ್ತಿದೆ ಅಂತ ಅಲ್ವಾ?" ಎಂದ. ಅದೇ ಸಾಕ್ಷಿ, ತೀರ್ಪು ಬೇರೆ! ಟ್ಯಾಂಕಿನ ಮುಚ್ಚಳ ಬಿಚ್ಚಿ ಸುರುಳಿಯನ್ನು ಹೊರತೆಗೆದಾಗ ತಾಮ್ರವೇ ಕಾಣಲಿಲ್ಲ. ಅಕ್ಕಿರೊಟ್ಟಿಯಷ್ಟು ದಪ್ಪದ ಬಿಳಿಯ ಪೊರೆ. "ತಾತ್ಕಾಲಿಕ ಗಡಸುತನ, ನೀವೇ ಮಾಡಿದ ಪಾಠ ಸಾರ್" ಎಂದು ತಲೆ ತಗ್ಗಿಸಿ ನಕ್ಕ. ಕೊಳವೆಬಾವಿಯ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬೊನೇಟು ಕಾಯಿಸಿದಾಗ ಒಡೆದು, ಕರಗದ ಕಾರ್ಬೊನೇಟಾಗಿ ಬಿಸಿಯಾದ ಮೈಗೆ ಅಂಟುತ್ತದೆ. ಸುರುಳಿಯ ಒಳಗೆ ತಿರುಗುವುದು ಅದೇ ಹಳೆಯ ನೀರಾದ್ದರಿಂದ ಅಲ್ಲಿ ಪೊರೆ ಅತ್ಯಲ್ಪ. ಹೊರಗಡೆ ದಿನವೂ ಹೊಸ ನೀರು, ದಿನವೂ ಹೊಸ ಸುಣ್ಣ. ಆ ಪೊರೆಯ ಉಷ್ಣವಾಹಕತೆ ತಾಮ್ರದ ನೂರರಲ್ಲೊಂದು ಪಾಲೂ ಇರಲಾರದು.

ಬಿಸಿನೀರಿನಲ್ಲಿ ನಿಂಬೆ ಉಪ್ಪನ್ನು ಕರಗಿಸಿ, ಪ್ಲಾಸ್ಟಿಕ್ ಟಬ್ಬಿನಲ್ಲಿ ಸುರುಳಿಯನ್ನು ಮುಳುಗಿಸಿಟ್ಟೆವು. ಗುಳ್ಳೆಗಳೆದ್ದು ಪೊರೆ ಕರಗಿತು. ಮತ್ತೆ ಜೋಡಿಸಿ ಒಲೆ ಹಚ್ಚಿದಾಗ ಹೊಸ ವಿಘ್ನ: ಈ ಸಲ ಮರಳುವ ಕೊಳವೆ ತಣ್ಣಗೆ! ಸುರುಳಿಯ ನೆತ್ತಿಯಲ್ಲಿ ಗಾಳಿ ಸಿಕ್ಕಿ ಹರಿವೇ ನಿಂತಿತ್ತು. ಬೆಂಕಿ ತೆಗೆದು, ಆರಲು ಬಿಟ್ಟು, ಅಲ್ಲಿದ್ದ ತಿರುಪನ್ನು ಸಡಿಲಿಸಿದಾಗ ಗಾಳಿ ಬುಸ್ಸೆಂದು ಹೋಯಿತು. ಎರಡೂ ಸುಟ್ಟರೆ ಸುಣ್ಣ, ಒಂದು ಸುಟ್ಟು ಇನ್ನೊಂದು ತಣ್ಣಗಿದ್ದರೆ ಗಾಳಿ. ಇದನ್ನು ಈಗ ಗೋಡೆಯ ಮೇಲೆಯೇ ಬರೆದಿಟ್ಟಿದ್ದೇನೆ.

ಟಬ್ಬಿನ ಗುಳ್ಳೆಗಳನ್ನು ನೋಡುತ್ತ ನಿಂತಿದ್ದ ಶ್ರೀಮತಿ ಅಂದು ಹೇಳಿದ ಮಾತು ನನ್ನನ್ನು ಇಂದಿಗೂ ಕಾಡುತ್ತದೆ. "ಹಂಡೆ ಇದ್ದಾಗ ವರ್ಷಕ್ಕೊಂದ್ಸಲ ತೊಳೀತಿದ್ದೆ. ಇದಕ್ಕೆ ಬಾಯೇ ಇಲ್ಲ, ಯಾರು ತೊಳೀತಾರೆ?" ನೀರು ತುಂಬುವ ಹಬ್ಬದ ದಿನ ನನ್ನ ತಾಯಿ, ಆಮೇಲೆ ಇವಳು, ಹಂಡೆಯ ಒಳಗಿನ ಸುಣ್ಣದ ಚಕ್ಕೆಗಳನ್ನು ಚಿಪ್ಪಿನಿಂದ ಕೆರೆದು, ಹೊರಗೆ ಹುಣಸೆಹಣ್ಣಿನಿಂದ ಉಜ್ಜಿ, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬುತ್ತಿದ್ದರು. ನಾನು ಅದನ್ನು ಬರಿಯ ಆಚಾರವೆಂದು ತಿಳಿದಿದ್ದೆ. ಹಂಡೆಯ ಜೊತೆಗೆ ಆ ಒಂದು ದಿನದ ಕೆಲಸವನ್ನೂ ಹೊರಹಾಕಿದ್ದೆ ಎಂಬುದು ಐದು ವರ್ಷಗಳ ಮೇಲೆ ತಿಳಿಯಿತು.

2025ರ ನೀರು ತುಂಬುವ ಹಬ್ಬದಂದು ಟ್ಯಾಂಕಿನ ಮುಚ್ಚಳವನ್ನು ನಾನೇ ಬಿಚ್ಚಿದೆ. ಪೊರೆ ಈರುಳ್ಳಿಯ ಸಿಪ್ಪೆಯಷ್ಟಿತ್ತು. ತೊಳೆದು ಮುಗಿದ ಮೇಲೆ ಶ್ರೀಮತಿ ಟ್ಯಾಂಕಿಗೂ ಒಂದು ಬಳ್ಳಿ ಸುತ್ತಿದಳು. ಇಂಥ ಏರ್ಪಾಡು ನಿಮ್ಮ ಮನೆಗಳಲ್ಲಿದ್ದರೆ, ದಯವಿಟ್ಟು ಆ ಮೇಲಿನ ಕೊಳವೆಯ ಬಾಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಬೆಣೆ ಈಗಲೂ ನನ್ನ ಮೇಜಿನ ಮೇಲಿದೆ. ಮೊಮ್ಮಗ ಬಂದಾಗಲೆಲ್ಲ ಅದರ ಕಥೆ ಹೇಳೆನ್ನುತ್ತಾನೆ. ನಾನು ಹೇಳುತ್ತೇನೆ, ನನ್ನ ತಪ್ಪನ್ನು ಬಿಡದೆ.